ಮಿಶಿಗನ್ನಿನ ಚಳಿಗಾಲ ಮತ್ತು ನನ್ನ ಪಿಯೋನಿ ಗಿಡಗಳು

ನಾವಿರುವ, ಅಮೆರಿಕದ ಮಿಶಿಗನ್ ರಾಜ್ಯದ ಆನ್ ಆರ್ಬರ್ ಊರಿನಲ್ಲಿ ಪಿಯೋನಿ ಎಂಬ ದೊಡ್ಡ ಹೂಗಳ ಗಿಡವನ್ನು ಬೆಳೆಸಬೇಕೆನ್ನುವವರು ಮಾದರಿಯನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಮಿಶಿಗನ್ ವಿಶ್ವವಿದ್ಯಾಲಯದ ನಿಕಲ್ಸ್ ಆರ್ಬೊರೇಟಮ್ ಎಂಬ ಸಸ್ಯೋದ್ಯಾನದಲ್ಲಿ 1920ರ ದಶಕದಲ್ಲಿ ನೆಟ್ಟ ಪಿಯೋನಿ ತೋಟ ಇಂದಿಗೂ ಮೇ ಕೊನೆಯಿಂದ ಜೂನ್ ನಡುವಿನವರೆಗೆ ಮೈತುಂಬ ಅರಳುತ್ತದೆ. ಇಷ್ಟು ವರ್ಷಗಳ ಹಿಮವನ್ನು ಬಯಲಿನಲ್ಲೇ ಕಳೆದ ಆ ಪಾತಿಗಳನ್ನು ಕಂಡ ಮೇಲೆ ನನ್ನ ಗಿಡಗಳನ್ನು ಚಳಿಯಿಂದ ಬಚ್ಚಿಡುವ ಯೋಚನೆಯನ್ನೇ ನಾನು ಮಾಡಲಿಲ್ಲ.

ವಾಸ್ತವವಾಗಿ ಪಿಯೋನಿಗೆ ಚಳಿ ಬೇಕೇ ಬೇಕು. ಸುಮಾರು 4 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ತಂಪಿನಲ್ಲಿ ಹಲವು ವಾರಗಳನ್ನು ಕಳೆಯದಿದ್ದರೆ ನೆಲದೊಳಗಿನ ಮೊಗ್ಗುಗಳ ನಿದ್ರೆ ಸರಿಯಾಗಿ ಮುಗಿಯುವುದಿಲ್ಲ, ಹೂವೂ ಬರುವುದಿಲ್ಲ. ಬೆಂಗಳೂರಿನ ಬಂಧುಗಳು ಒಂದು ಗೆಡ್ಡೆ ತಂದುಕೊಡೆಂದು ಕೇಳಿದಾಗ ನಾನು ಬೇಡವೆನ್ನುವುದು ಇದೇ ಕಾರಣಕ್ಕೆ.

ಚಳಿಗಾಲದ ಸಿದ್ಧತೆ ನನ್ನ ಹಿತ್ತಲಿನಲ್ಲಿ ಬೇಸಿಗೆಯ ಕೊನೆಗೇ ಆರಂಭವಾಗುತ್ತದೆ. ಮುಂದಿನ ವರ್ಷದ ಕೆಂಪು ಮೊಗ್ಗುಗಳು, ಅಂದರೆ ಗೆಡ್ಡೆಯ ಕಣ್ಣುಗಳು, ಬುಡದಲ್ಲಿ ಬಲಿಯುವುದು ಆಗಲೇ. ಅವುಗಳಿಗೆ ಬೇಕಾದ ಆಹಾರವನ್ನು ಒದಗಿಸುವುದು ಎಲೆಗಳು. ಆದ್ದರಿಂದ ಆಗಸ್ಟ್‌ನಲ್ಲಿ ಎಲೆಗಳ ಮೇಲೆ ಬೂದಿರೋಗದ ಬಿಳಿ ಪುಡಿ ಕಂಡು ಗಿಡ ಎಷ್ಟೇ ಅಂದಗೆಟ್ಟರೂ ನಾನು ಕತ್ತರಿ ಹಿಡಿಯುವುದಿಲ್ಲ. ಮಳೆ ಕಡಿಮೆಯಾದ ಶರತ್ಕಾಲದಲ್ಲಿ ಆಗಾಗ ನೀರುಣಿಸುತ್ತೇನೆ, ಸಾರಜನಕ ಹೆಚ್ಚಿರುವ ಗೊಬ್ಬರವನ್ನು ಮಾತ್ರ ಹಾಕುವುದಿಲ್ಲ.

ಅಕ್ಟೋಬರ್‌ನಲ್ಲಿ ಗಟ್ಟಿ ಮಂಜು ಬಿದ್ದು ಎಲೆಗಳು ಕಪ್ಪಾದ ಮೇಲೆ ಕಾಂಡಗಳನ್ನು ನೆಲದಿಂದ ಎರಡು ಮೂರು ಅಂಗುಲ ಬಿಟ್ಟು ಕತ್ತರಿಸುತ್ತೇನೆ. ಇಡೀ ವರ್ಷದಲ್ಲಿ ನಾನು ಅತ್ಯಂತ ಶ್ರದ್ಧೆಯಿಂದ ಮಾಡುವ ಕೆಲಸ ಇದು, ಏಕೆಂದರೆ ವಸಂತದಲ್ಲಿ ಎಳೆ ಚಿಗುರನ್ನು ಕೊಳೆಸಿ ಮೊಗ್ಗುಗಳನ್ನು ಕಂದಾಗಿಸುವ ಬೊಟ್ರೈಟಿಸ್ ಶಿಲೀಂಧ್ರವು ಚಳಿಗಾಲವನ್ನು ಕಳೆಯುವುದು ಬಿದ್ದ ಎಲೆಗಳಲ್ಲಿ ಮತ್ತು ಹಳೆಯ ಕಾಂಡಗಳಲ್ಲಿ. ಒಂದು ತುಣುಕೂ ಉಳಿಯದಂತೆ ಬುಡವನ್ನು ಕೈಯಿಂದಲೇ ಶುಚಿಗೊಳಿಸಿ, ಆ ಕಸವನ್ನು ಗೊಬ್ಬರದ ಗುಂಡಿಗೆ ಸೇರಿಸದೆ ಹೊರಗೆ ಕಳಿಸುತ್ತೇನೆ. ಮರ-ಪಿಯೋನಿ ಎಂಬ ಇನ್ನೊಂದು ಬಗೆಗೆ ಈ ಕ್ರಮ ಸಲ್ಲದು. ಅದರ ಮೊಗ್ಗುಗಳು ಕಟ್ಟಿಗೆಯಂಥ ರೆಂಬೆಗಳ ಮೇಲೇ ಇರುವುದರಿಂದ ಅದರಲ್ಲಿ ಎಲೆಗಳನ್ನಷ್ಟೇ ತೆಗೆಯಬೇಕು.

ಹೊದಿಕೆಯ ವಿಚಾರದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ನೆಲೆಯೂರಿದ ಗಿಡಕ್ಕೆ ಅದು ಅನಗತ್ಯ. ಅಡಿಕೆ ತೋಟಕ್ಕೆ ಸೊಪ್ಪು ಹೊದಿಸುವಂತೆ ವರ್ಷವರ್ಷವೂ ಬುಡಕ್ಕೆ ಹೇರುತ್ತಾ ಹೋದರೆ ಕಣ್ಣುಗಳು ಆಳಕ್ಕೆ ಹೂತುಹೋಗಿ, ಗಿಡ ಎಲೆಯನ್ನಷ್ಟೇ ಬಿಡುತ್ತದೆ. ಕಣ್ಣುಗಳು ಮಣ್ಣಿನ ಮೇಲ್ಮೈಯಿಂದ ಎರಡು ಅಂಗುಲಕ್ಕಿಂತ ಕೆಳಗಿರಬಾರದು. ಆದರೆ ಸೆಪ್ಟೆಂಬರ್‌ನಲ್ಲಿ ಹೊಸದಾಗಿ ನೆಟ್ಟ ಗೆಡ್ಡೆಯ ಮಾತು ಬೇರೆ. ನಮ್ಮಲ್ಲಿ ನೆಲ ಒಮ್ಮೆ ಹೆಪ್ಪುಗಟ್ಟಿ ವಸಂತದವರೆಗೆ ಹಾಗೆಯೇ ಉಳಿಯುವುದಿಲ್ಲ. ಜನವರಿಯಲ್ಲೂ ಕೆಲವು ದಿನ ಕರಗಿ ಮತ್ತೆ ಗಡ್ಡೆಕಟ್ಟುತ್ತದೆ, ಹಾಗೆ ಹಿಗ್ಗಿ ಕುಗ್ಗುವ ಮಣ್ಣು ಇನ್ನೂ ಬೇರು ಹಿಡಿಯದ ಗೆಡ್ಡೆಯನ್ನು ಮೇಲಕ್ಕೆ ತಳ್ಳಿಬಿಡುತ್ತದೆ. ಆದ್ದರಿಂದ ಮೊದಲ ವರ್ಷ ಮಾತ್ರ, ನೆಲ ಗಟ್ಟಿಯಾದ ನಂತರ, ಒಣಹುಲ್ಲನ್ನು ಸಡಿಲವಾಗಿ ಹರಡುತ್ತೇನೆ. ನೆಲ ಗಟ್ಟಿಯಾಗುವ ಮೊದಲೇ ಹರಡಿದರೆ ಇಲಿಗಳು ಅದರಡಿಯಲ್ಲಿ ಬೆಚ್ಚಗೆ ಮನೆಮಾಡಿಕೊಳ್ಳುತ್ತವೆ. ದಾರಿಯಿಂದ ಗೋರಿದ ಹಿಮವನ್ನೂ ಪಾತಿಗೆ ಹಾಕಬಹುದು, ಅದರಲ್ಲಿ ಉಪ್ಪು ಬೆರೆತಿಲ್ಲವೆಂದು ಖಚಿತವಾಗಿದ್ದರೆ.

ಮಾರ್ಚ್ ಕೊನೆಗೆ, ಚಿಗುರು ಮೂಡುವ ಮೊದಲೇ, ಒಣಹುಲ್ಲನ್ನು ಪೂರ್ತಿ ತೆಗೆಯುತ್ತೇನೆ. ಅದು ತಡವಾದರೆ ಹಸಿ ಹುಲ್ಲಿನಡಿಯಲ್ಲಿ ಬೊಟ್ರೈಟಿಸ್‌ಗೆ ಅನುಕೂಲವಾಗುತ್ತದೆ, ಮೃದುವಾದ ಚಿಗುರುಗಳು ಹುಲ್ಲೆಳೆಯುವಾಗ ಮುರಿಯಲೂಬಹುದು. ಏಪ್ರಿಲ್‌ನಲ್ಲಿ ಮತ್ತೆ ಲಘುವಾಗಿ ಹಿಮ ಬಿದ್ದರೂ ಆ ಕೆಂಪು ಚಿಗುರುಗಳು ತಾಳಿಕೊಳ್ಳುತ್ತವೆ, ಹಾಗಾಗಿ ನಾನು ಹೊದಿಕೆಯನ್ನು ಮರಳಿ ಹಾಕುವುದಿಲ್ಲ.