ವೈರಸ್ ತೆಗೆದ ಮೇಲೂ ಆ್ಯಂಟಿವೈರಸ್ ಅಪ್‌ಡೇಟ್ ಆಗುತ್ತಿಲ್ಲವೇ?

ಪೆನ್‌ಡ್ರೈವ್‌ನಿಂದ ಹತ್ತಿದ ವೈರಸ್ಸನ್ನು ಸ್ಕ್ಯಾನ್ ಮಾಡಿ ತೆಗೆದಾಯಿತು, ಆದರೆ ಆ್ಯಂಟಿವೈರಸ್ ಅಪ್‌ಡೇಟ್ ಆಗಲೊಲ್ಲದು. ಕೂಡಲೇ ಅದನ್ನು ಕಿತ್ತು ಹೊಸದಾಗಿ ಹಾಕಲು ಹೋಗಬೇಡಿ, ಅದು ಕೊನೆಯ ಕೆಲಸ. ಸ್ಕ್ಯಾನ್ ಅಳಿಸುವುದು ವೈರಸ್ಸಿನ ಫೈಲುಗಳನ್ನು. ವಿಂಡೋಸ್ ಸೆಟ್ಟಿಂಗ್‌ಗಳಲ್ಲಿ ಅದು ಮಾಡಿಟ್ಟ ತಿದ್ದುಪಡಿ ಎಷ್ಟೋ ಸಲ ಹಾಗೇ ಉಳಿದಿರುತ್ತದೆ. ಹುಡುಕಬೇಕಾದ್ದು ಅದನ್ನೇ. ಇಲ್ಲಿ ಹೇಳಿರುವುದು ವಿಂಡೋಸ್ 10 ಮತ್ತು 11ಕ್ಕೆ.

ಮೊದಲು ತಾರೀಖು ನೋಡಿ. ಮಳೆಗಾಲದಲ್ಲಿ ಕೊಡಗಿನ ತೋಟದ ಆಫೀಸುಗಳಲ್ಲಿ ಕರೆಂಟು ದಿನಗಟ್ಟಲೆ ಇರುವುದಿಲ್ಲ. ಹಳೆಯ ಡೆಸ್ಕ್‌ಟಾಪಿನ ಮದರ್‌ಬೋರ್ಡ್ ಮೇಲಿನ ಸಿಆರ್2032 ಬಟನ್ ಸೆಲ್ ಮುಗಿದಿದ್ದರೆ, ಕರೆಂಟು ಬಂದಾಗ ತಾರೀಖು ವರ್ಷಗಳಷ್ಟು ಹಿಂದೆ ಹೋಗಿರುತ್ತದೆ. ಆಗ ಅಪ್‌ಡೇಟ್ ಸರ್ವರಿನ ಸರ್ಟಿಫಿಕೇಟನ್ನು, ಅಂದರೆ ಅದು ಅಸಲಿ ಎಂಬ ಗುರುತನ್ನು, ಕಂಪ್ಯೂಟರ್ ಒಪ್ಪುವುದಿಲ್ಲ. ವ್ಯತ್ಯಾಸ 15 ಗಂಟೆಗಿಂತ ಹೆಚ್ಚಿದ್ದರೆ ವಿಂಡೋಸ್ ಸಾಮಾನ್ಯವಾಗಿ ತಾನಾಗಿ ಸರಿಪಡಿಸಿಕೊಳ್ಳುವುದಿಲ್ಲ. ಕೈಯಿಂದಲೇ ಸರಿಮಾಡಿ, 3 ವೋಲ್ಟಿನ ಹೊಸ ಸೆಲ್ ಹಾಕಿ.

ಆಮೇಲೆ ಪ್ರಾಕ್ಸಿ, ಅಂದರೆ ಇಂಟರ್ನೆಟ್ಟಿಗೆ ಹೋಗುವ ದಾರಿಯ ನಡುವಿನ ಮಧ್ಯವರ್ತಿ. ಸೆಟ್ಟಿಂಗ್ಸ್, ನೆಟ್‌ವರ್ಕ್, ಪ್ರಾಕ್ಸಿಗೆ ಹೋಗಿ. ಅಲ್ಲಿ 127.0.0.1 (ಅಂದರೆ ಇದೇ ಕಂಪ್ಯೂಟರು) ಎಂದು ಬರೆದಿದ್ದರೆ, ಇಂಟರ್ನೆಟ್ಟಿಗೆ ಹೋಗುವುದೆಲ್ಲ ತನ್ನ ಮೂಲಕವೇ ಹಾದುಹೋಗಲಿ ಎಂದು ವೈರಸ್ ಮಾಡಿದ ಏರ್ಪಾಡು ಅದಾಗಿರಬಹುದು. ಈಗ ವೈರಸ್ ಇಲ್ಲ, ದಾರಿ ಮಾತ್ರ ಅತ್ತಲೇ ತಿರುಗಿದೆ. ‘ಯೂಸ್ ಎ ಪ್ರಾಕ್ಸಿ ಸರ್ವರ್’, ‘ಯೂಸ್ ಸೆಟಪ್ ಸ್ಕ್ರಿಪ್ಟ್’ ಎರಡನ್ನೂ ಆಫ್ ಮಾಡಿ.

ಅತಿ ಹೆಚ್ಚು ಗಮನ ಬೇಡುವುದು ಹೋಸ್ಟ್ಸ್ ಫೈಲು, ಅಂದರೆ ಯಾವ ಸೈಟಿನ ಹೆಸರಿಗೆ ಯಾವ ವಿಳಾಸ ಎಂದು ವಿಂಡೋಸ್ ಮೊದಲು ನೋಡುವ ಪಟ್ಟಿ. ನೋಟ್‌ಪ್ಯಾಡ್ ಮೇಲೆ ರೈಟ್ ಕ್ಲಿಕ್ ಮಾಡಿ ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ, ಇಲ್ಲವಾದರೆ ಸೇವ್ ಆಗುವುದಿಲ್ಲ. ಸಿ ಡ್ರೈವಿನಲ್ಲಿ ವಿಂಡೋಸ್, ಸಿಸ್ಟಮ್32, ಡ್ರೈವರ್ಸ್, ಇಟಿಸಿ ಫೋಲ್ಡರಿಗೆ ಹೋಗಿ, ‘ಆಲ್ ಫೈಲ್ಸ್’ ಆರಿಸಿದರೆ ಹೋಸ್ಟ್ಸ್ ಕಾಣುತ್ತದೆ. ಮೂಲ ಫೈಲಿನ ಅಳತೆ 824 ಬೈಟು, ಪ್ರತಿ ಸಾಲಿನ ಶುರುವಿನಲ್ಲೂ ಹ್ಯಾಶ್ (#) ಗುರುತು. ಹ್ಯಾಶ್ ಇಲ್ಲದೆ 127.0.0.1 ಅಥವಾ 0.0.0.0 ಎಂದು ಶುರುವಾಗಿ, ಮುಂದೆ ಆ್ಯಂಟಿವೈರಸ್ ಕಂಪನಿಯದೋ ಮೈಕ್ರೋಸಾಫ್ಟಿನದೋ ವಿಳಾಸವಿದ್ದರೆ ಆ ಸಾಲು ಅಳಿಸಿ. ಮೇಲ್ಭಾಗ ನೋಡಿ ಸುಮ್ಮನಾಗಬೇಡಿ: ಕೆಲವು ವೈರಸ್‌ಗಳು ನೂರಾರು ಖಾಲಿ ಸಾಲು ಬಿಟ್ಟು ಕೆಳಗೆ ಬರೆದಿರುತ್ತವೆ. ಪಕ್ಕದ ಸ್ಕ್ರೋಲ್ ಪಟ್ಟಿ ತೀರಾ ಚಿಕ್ಕದಾಗಿದ್ದರೆ ತಳದವರೆಗೂ ಹೋಗಿ. ಸೇವ್ ಆಗದಿದ್ದರೆ ಪ್ರಾಪರ್ಟೀಸ್‌ನಲ್ಲಿ ‘ರೀಡ್ ಓನ್ಲಿ’ ಟಿಕ್ ತೆಗೆಯಿರಿ.

ಇಷ್ಟಾದರೂ ಆಗದಿದ್ದರೆ ವೈಫೈ ಬಿಟ್ಟು ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಅಪ್‌ಡೇಟ್ ಮಾಡಿ ನೋಡಿ. ಅದರಲ್ಲಿ ಅಪ್‌ಡೇಟ್ ಆದರೆ ರೌಟರಿನ ಡಿಎನ್‌ಎಸ್ (ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವ ಸರ್ವರಿನ ಸೆಟ್ಟಿಂಗ್) ಬದಲಾಗಿರಬಹುದು, ಅದನ್ನು ಸರಿಪಡಿಸಿ ರೌಟರಿನ ಪಾಸ್‌ವರ್ಡನ್ನೂ ಬದಲಿಸಿ. ಹಾಗೂ ಆಗದಿದ್ದರೆ ಕಂಪ್ಯೂಟರಿನ ಐಪಿವಿ4 ಸೆಟ್ಟಿಂಗ್‌ನಲ್ಲಿ ಡಿಎನ್‌ಎಸ್ ‘ಆಟೋಮ್ಯಾಟಿಕ್’ ಮಾಡಿ, ಅಡ್ಮಿನಿಸ್ಟ್ರೇಟರ್ ಕಮಾಂಡ್ ಪ್ರಾಂಪ್ಟಿನಲ್ಲಿ ‘ನೆಟ್‌ಶ್ ವಿನ್‌ಸಾಕ್ ರೀಸೆಟ್’ (netsh winsock reset) ಕೊಟ್ಟು ರೀಸ್ಟಾರ್ಟ್ ಮಾಡಿ.

ಸಿಗ್ನಲ್ ಸಿಗದ ತೋಟದ ಮನೆಯಲ್ಲಿ, ವಿಂಡೋಸ್ ಜೊತೆಗೇ ಬರುವ ಆ್ಯಂಟಿವೈರಸ್ ಡಿಫೆಂಡರ್ ಬಳಸುವವರಿಗೆ ಬೇರೆ ದಾರಿಯಿದೆ. ಗೋಣಿಕೊಪ್ಪಕ್ಕೋ ಕುಶಾಲನಗರಕ್ಕೋ ಹೋದಾಗ ಮೈಕ್ರೋಸಾಫ್ಟ್ ಸೈಟಿನಿಂದ ಡಿಫೆಂಡರಿನ 64-ಬಿಟ್ ಅಪ್‌ಡೇಟ್ ಫೈಲು ಇಳಿಸಿಕೊಂಡು ಬಂದು ಡಬಲ್ ಕ್ಲಿಕ್ ಮಾಡಿದರೆ ಸಾಕು. ಆದರೆ ವೈರಸ್ ತಂದ ಅದೇ ಪೆನ್‌ಡ್ರೈವ್‌ನಲ್ಲಿ ಮಾತ್ರ ತರಬೇಡಿ.

ಯಾವುದಕ್ಕೂ ಬಗ್ಗದಿದ್ದರೆ ಈಗ ಆ್ಯಂಟಿವೈರಸ್ ತೆಗೆಯಿರಿ. ಕಂಟ್ರೋಲ್ ಪ್ಯಾನೆಲ್‌ನಿಂದ ತೆಗೆದರೆ ಚೂರುಪಾರು ಉಳಿಯುವುದುಂಟು. ಆಯಾ ಕಂಪನಿ ಕೊಡುವ ರಿಮೂವಲ್ ಟೂಲ್ ಓಡಿಸಿ, ರೀಸ್ಟಾರ್ಟ್ ಮಾಡಿ, ಆಮೇಲೆ ಹೊಸದಾಗಿ ಹಾಕಿ.

ನೀವು ಅಳಿಸಿದ ಹೋಸ್ಟ್ಸ್ ಸಾಲುಗಳೋ ಪ್ರಾಕ್ಸಿಯೋ ರೀಸ್ಟಾರ್ಟ್ ಆದ ಮೇಲೆ ಮತ್ತೆ ಬಂದಿದ್ದರೆ ವೈರಸ್ ಇನ್ನೂ ಒಳಗಿದೆ ಎಂದೇ ತಿಳಿಯಿರಿ. ವಿಂಡೋಸ್ ಸೆಕ್ಯುರಿಟಿಯ ಸ್ಕ್ಯಾನ್ ಆಪ್ಷನ್ಸ್‌ನಲ್ಲಿ ‘ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್’ ಕೊಡಿ. ವಿಂಡೋಸ್ ಶುರುವಾಗುವ ಮೊದಲೇ ಅದು ಸುಮಾರು 15 ನಿಮಿಷ ಓಡುತ್ತದೆ. ಮಧ್ಯೆ ಕರೆಂಟು ಹೋಗದಂತೆ ಯುಪಿಎಸ್ ಇರಲಿ. ಅಲ್ಲಿಯವರೆಗೆ ಆ ಕಂಪ್ಯೂಟರಿನಲ್ಲಿ ಬ್ಯಾಂಕಿನ ಕೆಲಸ ಬೇಡ, ಪಾಸ್‌ವರ್ಡ್‌ಗಳನ್ನು ಬೇರೆ ಸಾಧನದಿಂದ ಬದಲಿಸಿ.