ಹಂದಿ ಮಾಂಸಕ್ಕೆ ಹಣ್ಣು ಹಾಕುವ ಹೊತ್ತು

ಮೊದಲ ಸಲ ನನಗೆ ಕೈಕೊಟ್ಟದ್ದು ಅನಾನಸ್. ಹಸಿ ಹಣ್ಣಿನ ರಸದಲ್ಲಿ ರಾತ್ರಿಯಿಡೀ ನೆನೆಸಿಟ್ಟರೆ ರುಚಿ ಒಳಕ್ಕಿಳಿಯುತ್ತದೆ ಅಂದುಕೊಂಡಿದ್ದೆ. ಬೆಳಿಗ್ಗೆ ಮುಟ್ಟಿ ನೋಡಿದರೆ ಮಾಂಸದ ಹೊರಮೈ ಹಿಟ್ಟು ಹಿಟ್ಟಾಗಿ ಬೆರಳಿಗೆ ಅಂಟುತ್ತಿತ್ತು, ಒಳಗೆ ಮಾತ್ರ ಅದೇ ಗಟ್ಟಿ. ಹಸಿ ಅನಾನಸ್‌ನಲ್ಲಿ ಬ್ರೊಮೆಲಿನ್ ಎಂಬ ಕಿಣ್ವ ಇರುತ್ತದೆ, ಅದು ಪ್ರೋಟೀನನ್ನು ಕತ್ತರಿಸಿಹಾಕುತ್ತದೆ. ಒಮ್ಮೆ ಚೆನ್ನಾಗಿ ಕುದಿಸಿದರೆ ಅದರ ಆಟ ಮುಗಿಯಿತು. ಹಾಗಾಗಿ ಈಗ ಅನಾನಸ್ ಬೇಕೆನಿಸಿದರೆ ಕುದಿಸಿಯೇ ಹಾಕುತ್ತೇನೆ.

ಆಮೇಲೆ ಸೇಬಿಗೆ ಬಂದೆ. ಅಲ್ಲೂ ಆತುರ! ಎಲ್ಲ ಹೋಳನ್ನೂ ಮೊದಲೇ ಸುರಿದೆ. ಎರಡೂವರೆ ತಾಸಿನಲ್ಲಿ ಸೇಬು ಕರಗಿ ಹೋಯಿತು. ಉಳಿದದ್ದು ಬರೀ ಸಿಹಿ, ಹಣ್ಣಿನ ಘಮವಿಲ್ಲ.

ಈಗಿನ ನನ್ನ ಕ್ರಮ ಹೀಗೆ. ಒಂದು ಕಿಲೋ ಭುಜದ ಮಾಂಸ, ದೊಡ್ಡ ತುಂಡುಗಳು. ತೊಡೆಯ ಮಾಂಸ ಬೇಡ, ಕೊಬ್ಬು ಕಡಿಮೆ, ಬೆಂದಷ್ಟೂ ಒಣಗುತ್ತದೆ. ಉಪ್ಪು ಸವರಿ, ಮೇಲಿನ ನೀರನ್ನು ಬಟ್ಟೆಯಲ್ಲಿ ಒತ್ತಿ ತೆಗೆಯುತ್ತೇನೆ. ಮೈ ಒದ್ದೆಯಿದ್ದರೆ ಮಾಂಸ ಕಂದು ಬಣ್ಣಕ್ಕೆ ತಿರುಗುವುದಿಲ್ಲ, ಬೆವರಿ ಬೂದುಬಣ್ಣವಾಗುತ್ತದೆ. ದಪ್ಪ ತಳದ ಪಾತ್ರೆಯಲ್ಲಿ ನಾಲ್ಕೈದು ತುಂಡಿನಂತೆ ಹುರಿಯಬೇಕು. ಪಾತ್ರೆ ತುಂಬಿಸಿದರೆ ಕೆಲಸ ಕೆಟ್ಟಿತೆಂದೇ ಲೆಕ್ಕ. ಈ ಹಂತದಲ್ಲಿ ಹಣ್ಣು ಹತ್ತಿರ ಸುಳಿಯಬಾರದು, ಅದರ ಸಕ್ಕರೆ ಮಾಂಸಕ್ಕಿಂತ ಮೊದಲೇ ಸೀದುಹೋಗುತ್ತದೆ.

ತುಂಡುಗಳನ್ನು ತೆಗೆದಿಟ್ಟು, ಅದೇ ಕೊಬ್ಬಿನಲ್ಲಿ ಈರುಳ್ಳಿ, ಶುಂಠಿ, ಒಂದು ಚಕ್ರಮೊಗ್ಗು. ತಳಕ್ಕೆ ಹಿಡಿದ ಕಂದು ಚೂರುಗಳನ್ನು ಒಂದು ಲೋಟ ಕಿತ್ತಳೆ ರಸ ಹಾಕಿ ಕೆರೆದು ಬಿಡಿಸುತ್ತೇನೆ. ಆ ಚೊಂಯ್ ಸದ್ದಿನ ಜೊತೆ ಏಳುವ ಪರಿಮಳಕ್ಕಾಗಿಯೇ ಇಷ್ಟೆಲ್ಲ ಎನ್ನಬಹುದು. ಒಂದು ಸೇಬನ್ನು ತುರಿದು ಸೇರಿಸುತ್ತೇನೆ. ಇದು ಕರಗಿ ಗ್ರೇವಿಗೆ ಮೈ ಕೊಡಲಿ ಎಂದೇ ಹಾಕುವುದು. ಮಾಂಸ ವಾಪಸು ಹಾಕಿ, ಅದರ ಅರ್ಧ ಎತ್ತರಕ್ಕೆ ಬರುವಷ್ಟು ನೀರು. ಮುಚ್ಚಳ ಮುಚ್ಚಿ ಸಣ್ಣ ಉರಿ. ಕೊತಕೊತ ಕುದಿಯಬಾರದು, ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುತ್ತಿದ್ದರೆ ಸಾಕು. ಮೊದಲ ಒಂದು ತಾಸಿಗೆ ಮಾಂಸ ರಬ್ಬರಿನಂತಿದ್ದರೆ ಗಾಬರಿಯಾಗಬೇಡಿ. ಮಾಂಸವನ್ನು ಬಿಗಿಯಾಗಿ ಹಿಡಿದಿಡುವ ಕೊಲಾಜೆನ್ ಎಂಬ ಪ್ರೋಟೀನು ಕರಗಿ ಮೆತ್ತಗಿನ ಜೆಲಾಟಿನ್ ಆಗಲು ಸಮಯ ಬೇಕೇ ಬೇಕು. ನನಗೆ ಸಾಮಾನ್ಯವಾಗಿ ಎರಡೂವರೆ ತಾಸು ಹಿಡಿಯುತ್ತದೆ. ಫೋರ್ಕ್ ಚುಚ್ಚಿ ತಿರುಗಿಸಿದಾಗ ಎಳೆಎಳೆಯಾಗಿ ಬಿಟ್ಟುಕೊಂಡರೆ ಹದ ಬಂತು.

ಅವತ್ತೇ ಬಡಿಸುವುದಿಲ್ಲ. ತಣಿದ ಮೇಲೆ ಫ್ರಿಜ್ಜಿಗೆ. ಮರುದಿನ ಮೇಲೆ ಗಟ್ಟಿಯಾದ ಬಿಳಿ ಕೊಬ್ಬನ್ನು ಹಪ್ಪಳದಂತೆ ಎತ್ತಿ ತೆಗೆಯಬಹುದು, ಕೆಳಗಿನ ರಸ ಜೆಲ್ಲಿಯಾಗಿರುತ್ತದೆ. ಮತ್ತೆ ಬಿಸಿ ಮಾಡಿ, ಕುದಿ ಬಂದಾಗ ಇನ್ನೊಂದು ಸೇಬಿನ ಹೋಳುಗಳನ್ನು ಹಾಕುತ್ತೇನೆ. ಸಿಪ್ಪೆ ತೆಗೆಯುವುದಿಲ್ಲ, ಹೋಳು ಒಡೆಯದೆ ನಿಲ್ಲುತ್ತದೆ. ಹತ್ತು ನಿಮಿಷ ಸಾಕು. ಕೊನೆಗೆ ಕಿತ್ತಳೆ ಸಿಪ್ಪೆಯ ತುರಿ, ಬಣ್ಣದ ಭಾಗ ಮಾತ್ರ. ಒಳಗಿನ ಬಿಳಿ ಸೇರಿದರೆ ಕಹಿ. ರುಚಿ ನೋಡಿದಾಗ ಸಿಹಿಯೇ ಮುಂದಿದ್ದರೆ ಒಂದು ಚಮಚ ವಿನೆಗರ್ ಹಾಕಿ ಒಲೆ ಆರಿಸುತ್ತೇನೆ.