ವಾರಕ್ಕೆ 20 ಗಂಟೆ: ಅಮೆರಿಕದ ಕ್ಯಾಂಪಸ್‌ನಲ್ಲಿ ನಾನು ಕೆಲಸ ಮಾಡಿದ್ದು ಹೀಗೆ

ಎಂ.ಎಸ್. ಮಾಡಲು ಅಮೆರಿಕಕ್ಕೆ ಬಂದ ಮೊದಲ ವಾರವೇ ಕ್ಯಾಂಪಸ್ ಕೆಲಸಗಳ ಪೋರ್ಟಲ್‌ನಲ್ಲಿ 11 ಅರ್ಜಿ ಹಾಕಿದ್ದೆ. ಒಂದಕ್ಕೂ ಉತ್ತರ ಬರಲಿಲ್ಲ. ರೆಸ್ಯೂಮೆಯಲ್ಲೇ ಏನೋ ಐಬು ಇರಬೇಕು ಅಂತ ಎರಡು ರಾತ್ರಿ ಅದನ್ನೇ ತಿದ್ದುತ್ತಾ ಕೂತೆ. ಕೊನೆಗೆ ಸೀನಿಯರ್ ಒಬ್ಬರು ನನ್ನ ಪಟ್ಟಿ ನೋಡಿ ನಕ್ಕರು. 11ರಲ್ಲಿ 7 'ವರ್ಕ್-ಸ್ಟಡಿ' ಕೆಲಸಗಳು. ಅವಕ್ಕೆ ನಾನು ಅರ್ಜಿ ಹಾಕಿದ್ದೇ ದಂಡ.

ಫೆಡರಲ್ ವರ್ಕ್-ಸ್ಟಡಿ ಅನ್ನೋದು 1964ರಲ್ಲಿ ಶುರುವಾದ ಯೋಜನೆ. ಹಣದ ಅಗತ್ಯ ಇರುವ ವಿದ್ಯಾರ್ಥಿಗಳಿಗೆ ಕೆಲಸ ಕೊಟ್ಟರೆ, ಅವರ ಸಂಬಳದಲ್ಲಿ ಸಾಮಾನ್ಯವಾಗಿ ಶೇ. 75ರವರೆಗೆ ಕೇಂದ್ರ ಸರ್ಕಾರ ಕೊಡುತ್ತದೆ. ಅದಕ್ಕೆ ಫಾಫ್ಸಾ ಅನ್ನೋ ಸರ್ಕಾರಿ ಧನಸಹಾಯದ ಅರ್ಜಿ ತುಂಬಬೇಕು. ಅಮೆರಿಕದ ಪ್ರಜೆಗಳು, ಗ್ರೀನ್ ಕಾರ್ಡ್ ಇರುವವರು ಮತ್ತು ಇನ್ನೂ ಕೆಲವು ವರ್ಗದವರಿಗೆ ಮಾತ್ರ ಇದು ಸಿಗುತ್ತದೆ. ಎಫ್-1, ಅಂದರೆ ನನ್ನಂಥ ವಿದೇಶಿ ವಿದ್ಯಾರ್ಥಿಗಳ ವೀಸಾ, ಇರುವವರಿಗೆ ಇಲ್ಲ. ಡಿಪಾರ್ಟ್‌ಮೆಂಟಿನ ಕಡೆಯಿಂದ ಯೋಚಿಸಿದರೆ ಲೆಕ್ಕ ಸುಲಭ. ಕಾಲು ಭಾಗ ಸಂಬಳಕ್ಕೆ ಒಬ್ಬ ಹುಡುಗ ಸಿಗುವಾಗ ಪೂರ್ತಿ ಕೊಟ್ಟು ನನ್ನನ್ನು ಯಾಕೆ ತಗೋಬೇಕು? ಇದು ಗೊತ್ತಾದ ಮೇಲೆ ಬೇಜಾರು ಸ್ವಲ್ಪ ಇಳಿಯಿತು. ಪೋರ್ಟಲ್‌ನಲ್ಲಿ ಆ ಗುರುತು ಇರುವ ಕೆಲಸಗಳನ್ನು ಫಿಲ್ಟರ್ ಹಾಕಿ ತೆಗೆದೆ. ಉಳಿದದ್ದು ಕಡಿಮೆ, ಆದರೆ ಅಷ್ಟೂ ನನಗೆ ಸಿಗಬಹುದಾದ ಕೆಲಸಗಳು.

ಕೆಲಸ ಸಿಕ್ಕಿದ್ದು ಮಾತ್ರ ಪೋರ್ಟಲ್‌ನಿಂದಲ್ಲ. ಮಧ್ಯಾಹ್ನ 3 ಗಂಟೆಗೆ, ಊಟದ ಗಲಾಟೆ ಮುಗಿದ ಮೇಲೆ, ಡೈನಿಂಗ್ ಹಾಲ್‌ಗೆ ಹೋಗಿ ಮ್ಯಾನೇಜರ್ ಯಾರು ಅಂತ ಕೇಳಿದೆ. ಆಕೆ ಕೇಳಿದ್ದು ಎರಡೇ ಪ್ರಶ್ನೆ: ಶನಿವಾರ ಬರ್ತೀಯಾ? ಬೇರೆ ಎಲ್ಲಾದರೂ ಕೆಲಸ ಮಾಡ್ತಿದ್ದೀಯಾ? ಎರಡನೇ ಪ್ರಶ್ನೆ ಸುಮ್ನೆ ಕೇಳಿದ್ದಲ್ಲ ಅಂತ ಗೊತ್ತಾಗಿದ್ದು ಎರಡು ತಿಂಗಳ ಮೇಲೆ. ಅದಕ್ಕೆ ಆಮೇಲೆ ಬರುತ್ತೇನೆ.

ಆಫರ್ ಬಂತು, ಆದರೆ ಸಂಬಳ, ತೆರಿಗೆಯ ಲೆಕ್ಕಕ್ಕೆ ಸರ್ಕಾರ ಕೊಡುವ ಸೋಷಿಯಲ್ ಸೆಕ್ಯುರಿಟಿ ನಂಬರ್ ಇಲ್ಲ. ಬಹಳ ಜನ ಇಲ್ಲಿ ಉಲ್ಟಾ ತಿಳಿದುಕೊಂಡಿರುತ್ತಾರೆ, ನಂಬರ್ ಇದ್ದರೆ ಕೆಲಸ ಅಂತ. ನಮ್ಮ ವೀಸಾಗೆ ಮೊದಲು ಕೆಲಸ, ಆಮೇಲೆ ನಂಬರ್. ಕೆಲಸ ಕೊಟ್ಟವರದ್ದೊಂದು ಪತ್ರ, ಇಂಟರ್‌ನ್ಯಾಷನಲ್ ಆಫೀಸಿನದ್ದೊಂದು ಪತ್ರ, ಜೊತೆಗೆ ಪಾಸ್‌ಪೋರ್ಟ್, ಐ-20 (ಯೂನಿವರ್ಸಿಟಿ ಕೊಡುವ ಪ್ರವೇಶ ದಾಖಲೆ), ಐ-94 (ದೇಶದೊಳಗೆ ಬಂದ ದಾಖಲೆ) ಹಿಡಿದುಕೊಂಡು ಸೋಷಿಯಲ್ ಸೆಕ್ಯುರಿಟಿ ಕಚೇರಿಗೆ ಹೋಗಬೇಕು. ದೇಶಕ್ಕೆ ಬಂದು 10 ದಿನವಾದರೂ ಆಗಿರಲಿ, ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ದಾಖಲೆಯಾದ ಸೆವಿಸ್‌ನಲ್ಲಿ ನಿಮ್ಮ ನೋಂದಣಿಯೂ ಆಗಿರಲಿ. ಇಲ್ಲದಿದ್ದರೆ ಅವರ ಸಿಸ್ಟಮ್‌ನಲ್ಲಿ ನಿಮ್ಮ ಹೆಸರು ಕಾಣದೇ ಹೋಗಬಹುದು. ನಾನು ಬಸ್ಸು ಹತ್ತಿ ಒಂದು ಗಂಟೆ ದೂರದ ಕಚೇರಿಗೆ ಹೋಗಿ, ಟೋಕನ್ ತಗೊಂಡು ಕೂತು, ವಾಪಸ್ ಬಂದೆ. ಯಾಕಂದ್ರೆ ನನ್ನ ಕೆಲಸದ ಪತ್ರದಲ್ಲಿ ಶುರುವಾಗುವ ತಾರೀಖೇ ಇರಲಿಲ್ಲ. ಕೆಲಸ ಏನು, ಯಾವತ್ತಿಂದ, ವಾರಕ್ಕೆ ಎಷ್ಟು ಗಂಟೆ, ಸೂಪರ್‌ವೈಸರ್ ಹೆಸರು ಮತ್ತು ಫೋನ್, ಅವರ ಸಹಿ: ಇಷ್ಟೂ ಇದೆಯಾ ಅಂತ ಪತ್ರ ಕೈಗೆ ಬಂದ ಕೂಡಲೇ ನೋಡಿಕೊಳ್ಳಿ. ಇನ್ನೊಂದು ಮಾತು: ನಂಬರ್ ಬರುವವರೆಗೂ ಕೆಲಸ ಶುರು ಮಾಡಬಾರದು ಅಂತೇನಿಲ್ಲ. ಅರ್ಜಿ ಹಾಕಿದ್ದರೆ ಕಾನೂನು ಅಡ್ಡಿ ಬರುವುದಿಲ್ಲ.

ಕೆಲಸ ಮಾಡಲು ಅನುಮತಿ ಇದೆ ಅಂತ ತೋರಿಸುವ ಐ-9 ಫಾರಂನಲ್ಲಿ ನಮ್ಮ ಭಾಗವನ್ನು ಕೆಲಸದ ಮೊದಲ ದಿನದೊಳಗೆ ತುಂಬಬೇಕು. ಮೂಲ ದಾಖಲೆಗಳನ್ನು 3 ಕೆಲಸದ ದಿನಗಳೊಳಗೆ ತೋರಿಸಬೇಕು. ಫೋಟೋಕಾಪಿ ನಡೆಯೋದಿಲ್ಲ. ಸಂಬಳದಿಂದ ಎಷ್ಟು ಆದಾಯ ತೆರಿಗೆ ಹಿಡಿಯಬೇಕು ಅಂತ ತಿಳಿಸುವ ಡಬ್ಲ್ಯು-4 ಫಾರಂನಲ್ಲಿ ನಾನ್‌ರೆಸಿಡೆಂಟ್ ಏಲಿಯನ್ (ತೆರಿಗೆಯ ಲೆಕ್ಕದಲ್ಲಿ ಇಲ್ಲಿನ ನಿವಾಸಿಯಲ್ಲದ ವಿದೇಶಿ) ಅಂತ ಬರೆಯಲು ಮರೀಬೇಡಿ.

ಮೊದಲ ಸಂಬಳ ಬಂದಾಗ ಪೇ ಸ್ಲಿಪ್ ತೆರೆದು ನೋಡಿದ್ದು ಒಳ್ಳೆಯದಾಯಿತು. ಗಂಟೆಗೆ 11 ಡಾಲರ್, 30 ಗಂಟೆಗೆ 330. ಅದರಲ್ಲಿ ಸೋಷಿಯಲ್ ಸೆಕ್ಯುರಿಟಿ (ಪಿಂಚಣಿ ಯೋಜನೆ) ಅಂತ 20.46, ಮೆಡಿಕೇರ್ (ಹಿರಿಯರ ಆರೋಗ್ಯ ವಿಮೆ) ಅಂತ 4.79 ಕಟ್ ಆಗಿತ್ತು. ಎಫ್-1 ವಿದ್ಯಾರ್ಥಿಗಳು ತೆರಿಗೆಯ ಲೆಕ್ಕದಲ್ಲಿ ನಾನ್‌ರೆಸಿಡೆಂಟ್ ಆಗಿರುವಷ್ಟು ಕಾಲ, ಅಂದರೆ ಸಾಮಾನ್ಯವಾಗಿ ಮೊದಲ 5 ಕ್ಯಾಲೆಂಡರ್ ವರ್ಷ, ಈ ಎರಡೂ ಕಟ್ ಆಗಬಾರದು. ಪೇರೋಲ್‌ಗೆ ಹೋಗಿ ಹೇಳಿದೆ. ನನ್ನ ವೀಸಾ ವಿವರವನ್ನೇ ಅವರು ಹಾಕಿರಲಿಲ್ಲ. ಮುಂದಿನ ಸಂಬಳದಲ್ಲಿ 25 ಡಾಲರ್ ಚಿಲ್ಲರೆ ವಾಪಸ್ ಬಂತು. ಆದಾಯ ತೆರಿಗೆ ಬೇರೆ ವಿಷಯ, ಅದು ಇದ್ದೇ ಇರುತ್ತದೆ. ಏಪ್ರಿಲ್ 15ರೊಳಗೆ 1040-ಎನ್‌ಆರ್ ಅನ್ನೋ ತೆರಿಗೆ ರಿಟರ್ನ್ ಜೊತೆ 8843 ಅನ್ನೋ ಫಾರಂ ಕಳಿಸಬೇಕು. ಭಾರತದ ವಿದ್ಯಾರ್ಥಿಗಳಿಗೆ ಇಲ್ಲೊಂದು ಲಾಭ ಇದೆ. ಎರಡೂ ದೇಶಗಳ ತೆರಿಗೆ ಒಪ್ಪಂದದ 21ನೇ ವಿಧಿ ಪ್ರಕಾರ ನಾವು ಸ್ಟಾಂಡರ್ಡ್ ಡಿಡಕ್ಷನ್ (ತೆರಿಗೆ ಹಾಕುವ ಮೊದಲು ಆದಾಯದಿಂದ ಕಳೆಯುವ ನಿಗದಿತ ಮೊತ್ತ) ತಗೋಬಹುದು. ಬೇರೆ ದೇಶದ ಗೆಳೆಯರಿಗೆ ಇದನ್ನು ಹೇಳಿದರೆ ನಂಬೋದೇ ಇಲ್ಲ.

ಈಗ 20 ಗಂಟೆಯ ವಿಷಯ. ಸೆಮಿಸ್ಟರ್ ನಡೆಯುವಾಗ ಎಫ್-1 ವಿದ್ಯಾರ್ಥಿ ಕ್ಯಾಂಪಸ್‌ನಲ್ಲಿ ವಾರಕ್ಕೆ 20 ಗಂಟೆಗಿಂತ ಜಾಸ್ತಿ ಕೆಲಸ ಮಾಡುವಂತಿಲ್ಲ. ಈ 20 ಒಂದೊಂದು ಕೆಲಸಕ್ಕಲ್ಲ, ಎಲ್ಲ ಕೆಲಸ ಸೇರಿ. 20 ಗಂಟೆಯ ಅಸಿಸ್ಟೆಂಟ್‌ಶಿಪ್ (ಪ್ರೊಫೆಸರ್‌ಗೆ ಪಾಠ, ಸಂಶೋಧನೆಯಲ್ಲಿ ನೆರವಾಗುವ ಕೆಲಸ) ಇದ್ದವರಿಗೆ ಲೈಬ್ರರಿಯಲ್ಲಿ ಒಂದು ಗಂಟೆ ಕೂರಲೂ ಜಾಗ ಉಳಿಯೋದಿಲ್ಲ. ಒಂದು ವಾರ 24, ಇನ್ನೊಂದು ವಾರ 16 ಮಾಡಿ ಸರಾಸರಿ ತೆಗೆಯುವ ಹಾಗೂ ಇಲ್ಲ.

ಅಕ್ಟೋಬರ್‌ನಲ್ಲಿ ನನಗೆ ವಿದ್ಯಾರ್ಥಿಗಳ ಉತ್ತರ ತಿದ್ದಿ ಅಂಕ ಹಾಕುವ ಗ್ರೇಡರ್ ಕೆಲಸವೂ ಸಿಕ್ಕಿತು. ಅದು ಸೋಮವಾರ, ಮಂಗಳವಾರ ಸೇರಿ 8 ಗಂಟೆ. ಡೈನಿಂಗ್ ಹಾಲ್‌ನಲ್ಲಿ ಬುಧವಾರ 4, ಶನಿವಾರ 5. ಒಟ್ಟು 17. ಆರಾಮ ಅಲ್ವಾ? ಒಂದು ವಾರ ಗೆಳೆಯನ ಜೊತೆ ಶಿಫ್ಟ್ ಬದಲಿಸಿ ಶನಿವಾರದ ಬದಲು ಭಾನುವಾರ ಹೋದೆ. ಆಗಲೂ ನನ್ನ ಲೆಕ್ಕದಲ್ಲಿ ಆ ವಾರ 17, ಮುಂದಿನ ವಾರ 17.

ನಾನು ಎಣಿಸುತ್ತಿದ್ದದ್ದು ಸೋಮವಾರದಿಂದ ಭಾನುವಾರಕ್ಕೆ. ನಮ್ಮ ಯೂನಿವರ್ಸಿಟಿಯ ಪೇರೋಲ್ ವಾರ ಭಾನುವಾರ ಶುರುವಾಗಿ ಶನಿವಾರ ಮುಗಿಯುತ್ತದೆ. ಆ ಭಾನುವಾರದ 5, ಗ್ರೇಡಿಂಗ್ 8, ಬುಧವಾರದ 4, ಮತ್ತೆ ಶನಿವಾರದ 5. ಒಟ್ಟು 22. ನಾನು ಆರಾಮಾಗಿ ನಿಯಮ ಮುರಿಯಲು ಹೊರಟಿದ್ದೆ. ಗುರುವಾರ ಶೆಡ್ಯೂಲ್ ನೋಡುತ್ತಿದ್ದ ಮ್ಯಾನೇಜರ್ ನನ್ನನ್ನು ಕರೆದು, ನಿನ್ನ ಇನ್ನೊಂದು ಕೆಲಸದ್ದು ಎಷ್ಟು ಗಂಟೆ ಅಂತ ಮತ್ತೆ ಕೇಳಿದರು. ಕಾಗದದ ಮೇಲೆ ಕೂಡಿಸಿದರು. ಶನಿವಾರ ಎರಡೂವರೆ ಗಂಟೆ ಮಾತ್ರ ಕೆಲಸ ಮಾಡಿಸಿ ನನ್ನನ್ನು ಕಳಿಸಿಬಿಟ್ಟರು. ಆ ವಾರ 19.5ಕ್ಕೆ ನಿಂತಿತು. ಅರ್ಧ ಗಂಟೆ ಯಾಕೆ ಬಿಟ್ಟಿರಿ ಅಂದರೆ, ಕ್ಲಾಕ್ ಔಟ್ ಮಾಡಲು ಸಾಲಿನಲ್ಲಿ ನಿಂತ 5 ನಿಮಿಷವೂ ಲೆಕ್ಕಕ್ಕೆ ಬರುತ್ತದೆ ಅಂದರು. ಮಿತಿ ದಾಟಿದರೆ ಅವರಿಗೆ ಕಿರಿಕಿರಿ ಅಷ್ಟೇ, ನನಗೆ ವೀಸಾ ಸ್ಟೇಟಸ್ಸೇ ಹೋಗಬಹುದು. ಅವತ್ತಿನಿಂದ ಫೋನ್ ಕ್ಯಾಲೆಂಡರ್‌ನ ವಾರವನ್ನೂ ಭಾನುವಾರಕ್ಕೆ ಬದಲಿಸಿಕೊಂಡೆ.

ರಜೆಯಲ್ಲಿ ಈ ಮಿತಿ ಇಲ್ಲ. ಮುಂದಿನ ಸೆಮಿಸ್ಟರ್‌ಗೆ ಓದು ಮುಂದುವರಿಸುವವರು ಬೇಸಿಗೆ ರಜೆಯಲ್ಲಿ ಪೂರ್ತಿ ಸಮಯ ಕ್ಯಾಂಪಸ್‌ನಲ್ಲಿ ದುಡಿಯಬಹುದು. ಕ್ಯಾಂಪಸ್‌ನ ಹೊರಗಿನ ಹೋಟೆಲ್, ಪೆಟ್ರೋಲ್ ಬಂಕ್‌ಗಳಲ್ಲಿ 'ಕ್ಯಾಶ್ ಕೊಡ್ತೀವಿ ಬಾ' ಅನ್ನೋರ ಹತ್ತಿರ ಹೋಗಬೇಡಿ, ಅಷ್ಟೇ ಹೇಳೋದು.

ಕೊನೆಯ ಸೆಮಿಸ್ಟರ್ ಮುಗಿದಾಗ ಅದೇ ಮ್ಯಾನೇಜರ್‌ಗೆ ಇನ್ನೆರಡು ವಾರಕ್ಕೆ ಜನ ಬೇಕಾಗಿತ್ತು. ನಾನು ಇನ್ನೂ ಅದೇ ಊರಲ್ಲಿ ಇದ್ದೆ. ಕೋರ್ಸ್ ಮುಗಿದ ಮೇಲೆ ಇರಲು 60 ದಿನ ಸಿಗುತ್ತದೆ. ಆದರೆ ಅದು ಇರಲು ಮಾತ್ರ, ದುಡಿಯಲು ಅಲ್ಲ. ಓದು ಮುಗಿದ ಮೇಲೆ ಕೆಲಸ ಮಾಡಲು ಅನುಮತಿ ಕೊಡುವ ಓಪಿಟಿ ಕಾರ್ಡ್ ಇನ್ನೂ ಬಂದಿರಲಿಲ್ಲ. ಆಗುವುದಿಲ್ಲ ಅಂತ ನಾನು ಹೇಳುವ ಮೊದಲೇ ಆಕೆ, 'ಹೌದಲ್ಲ, ನಿನ್ನ ಐ-20 ಮುಗೀತು' ಅಂದರು. ಏಪ್ರನ್ ವಾಪಸ್ ಕೊಟ್ಟು ಬಂದೆ.